ಕೊರಿಯಾದ ರಾಮ್ಯೋನ್ ಹದವಾಗಿ ಮಾಡುವುದು: ನೀರಿನ ಅಳತೆಯಿಂದ ಕೊನೆಯ ತುತ್ತು ಅನ್ನದವರೆಗೆ

ರಾಮ್ಯೋನ್ ಎಂದರೆ ಕೊರಿಯಾದ ಪೊಟ್ಟಣದ ನೂಡಲ್ಸ್. ಅದು ಕೆಡುವುದಕ್ಕೆ ಮುಖ್ಯ ಕಾರಣ ಎರಡೇ. ನೀರು ಹೆಚ್ಚಾಗಿರುತ್ತದೆ, ಇಲ್ಲವೇ ಹೊತ್ತು ಮೀರಿರುತ್ತದೆ. ನೀರು ಹೆಚ್ಚಾದರೆ ಕೊರಿಯನ್ನರು ‘ಹಾನ್ ನದಿ ಆಗಿಬಿಟ್ಟಿದೆ’ ಅನ್ನುತ್ತಾರೆ. ಹಾನ್ ಎಂದರೆ ಸೋಲ್ ನಗರದ ನಡುವೆ ಹರಿಯುವ ದೊಡ್ಡ ಹೊಳೆ. ಹೊತ್ತು ಮೀರಿದರೆ ‘ಊದಿಕೊಂಡಿದೆ’ ಅನ್ನುತ್ತಾರೆ. ಮೊಟ್ಟೆ, ಚೀಸ್, ಕಿಮ್ಚಿ ಎಂಬ ಎಲೆಕೋಸಿನ ಹುಳಿ ಉಪ್ಪಿನಕಾಯಿ ಎಲ್ಲ ಆಮೇಲಿನ ಮಾತು. ನೀರೂ ಗಡಿಯಾರವೂ ಕೈಯಲ್ಲಿದ್ದರೆ ಬರೀ ಪೊಟ್ಟಣದ ಪುಡಿಯಲ್ಲೇ ಒಳ್ಳೆಯ ರಾಮ್ಯೋನ್ ಆಗುತ್ತದೆ.

ನಮ್ಮಲ್ಲಿ ಹಲವರಿಗೆ ಇದು ಕೈಹತ್ತದಿರುವುದಕ್ಕೆ ಮ್ಯಾಗಿಯ ರೂಢಿಯೇ ಕಾರಣ. ಕಣ್ಣಳತೆಯ ನೀರು, ನಡುವುರಿ, ನೀರು ಇಂಗುವ ತನಕ ಕೈಯಾಡಿಸುವುದು, ಇದು ಮ್ಯಾಗಿಯ ದಾರಿ. ಅದು 70 ಗ್ರಾಂ ಆಸುಪಾಸಿನ ಸಣ್ಣ ಬಿಲ್ಲೆ, ತೆಳು ಎಳೆ. ಕೊರಿಯಾದ ಪೊಟ್ಟಣ ಸಾಮಾನ್ಯವಾಗಿ 120 ಗ್ರಾಂ. ಎಳೆ ದಪ್ಪ, ಹಿಟ್ಟಿಗೆ ಆಲೂಗಡ್ಡೆಯ ಗಂಜಿ ಸೇರಿಸಿರುವುದರಿಂದ ಜಗಿತ ಹೆಚ್ಚು. ಅದನ್ನು ಸಾರಿನ ಜೊತೆ ತಿನ್ನಲೆಂದೇ ಮಾಡಿರುವುದು. ನಡುವುರಿಯಲ್ಲಿ ಇಟ್ಟರೆ ಹೊರಗೆ ಮೆತ್ತಗಾಗಿ ನಡುವೆ ಹಿಟ್ಟುಹಿಟ್ಟಾಗಿ ಉಳಿಯುತ್ತದೆ. ಇಂಗಿಸಲು ಹೋದರೆ ಬಾಯಿಗಿಡಲಾಗದಷ್ಟು ಉಪ್ಪಾಗುತ್ತದೆ.

ರಾಮ್ಯೋನ್ ಅಂದರೆ ಯಾವುದು

ಜಪಾನಿನ ಅಂಗಡಿಗಳಲ್ಲಿ ಮೂಳೆಯ ಸಾರು ಗಂಟೆಗಟ್ಟಲೆ ಕುದಿಸಿ ಬಡಿಸುವ ರಾಮೆನ್ ಬೇರೆ. ಕೊರಿಯಾದಲ್ಲಿ ರಾಮ್ಯೋನ್ ಎಂದರೆ ಪೊಟ್ಟಣದ ನೂಡಲ್ಸೇ. ಸಣ್ಣ ತಿಂಡಿ ಅಂಗಡಿಯಲ್ಲಿ ಕೂತು ರಾಮ್ಯೋನ್ ಕೇಳಿದರೂ ಅಡುಗೆಯವರು ಪೊಟ್ಟಣ ಒಡೆದೇ ಮಾಡಿಕೊಡುತ್ತಾರೆ. ಅದರಲ್ಲಿ ಯಾರಿಗೂ ಸಂಕೋಚವಿಲ್ಲ.

ಮೊದಲ ಕೊರಿಯನ್ ರಾಮ್ಯೋನ್ ಮಾರುಕಟ್ಟೆಗೆ ಬಂದದ್ದು 1963ರ ಸೆಪ್ಟೆಂಬರ್ 15ರಂದು. ತಂದದ್ದು ಸಾಮ್ಯಾಂಗ್ ಕಂಪನಿ. ಯಂತ್ರವೂ ಮಾಡುವ ವಿಧಾನವೂ ಜಪಾನಿನ ಮ್ಯೋಜೋ ಕಂಪನಿಯದ್ದು, 100 ಗ್ರಾಂ ಪೊಟ್ಟಣಕ್ಕೆ ಬೆಲೆ 10 ವಾನ್. ಕೊರಿಯಾ ಯುದ್ಧ ನಿಂತು ಹತ್ತು ವರ್ಷವಾಗಿದ್ದರೂ ಅಕ್ಕಿಗೆ ತತ್ವಾರವಿದ್ದ ಕಾಲ. ಗೋಧಿ ತಿನ್ನಿ ಎಂದು ಸರ್ಕಾರವೇ ಹೇಳುತ್ತಿತ್ತು. ಆಗಿನ ಸಾರು ಕೋಳಿಯದ್ದು, ಸಪ್ಪೆ. ಇಂದು ರಾಮ್ಯೋನ್ ಎಂದೊಡನೆ ಕಣ್ಣಿಗೆ ಬರುವ ಕೆಂಪು ಖಾರದ ಸಾರನ್ನು ಮನೆಮನೆಗೆ ಮುಟ್ಟಿಸಿದ್ದು 1986ರಲ್ಲಿ ಬಂದ ನೋಂಗ್‌ಶಿಮ್ ಕಂಪನಿಯ ಶಿನ್ ರಾಮ್ಯೂನ್. ಶಿನ್ ಎಂದರೆ ಖಾರ. ಕಂಪನಿ ಕಟ್ಟಿದವರ ಮನೆತನದ ಹೆಸರನ್ನು ಬರೆಯುವುದೂ ಅದೇ ಅಕ್ಷರದಲ್ಲಿ. ಈ ಮಾರ್ಗದರ್ಶಿಯ ಅಳತೆಗಳಿಗೆ ಶಿನ್ ರಾಮ್ಯೂನನ್ನೇ ಮಾದರಿಯಾಗಿ ಇಟ್ಟುಕೊಂಡಿದೆ.

ಪೊಟ್ಟಣ ಕೊಳ್ಳುವಾಗ

ಖಾರ ಕಡಿಮೆ ಬೇಕಾದವರು ಒಟ್ಟೋಗಿ ಕಂಪನಿಯ ಜಿನ್ ರಾಮೆನ್ ಹುಡುಕಲಿ. ಅದರಲ್ಲಿ ಖಾರ, ಸೌಮ್ಯ ಎಂದು ಎರಡು ಬಗೆ ಬರುತ್ತವೆ. ದಪ್ಪ ಎಳೆ ಇಷ್ಟಪಡುವವರಿಗೆ ನೊಗುರಿ ಇದೆ. ಅದರ ಪೊಟ್ಟಣದಲ್ಲಿ ಕೆಲ್ಪ್ ಎಂಬ ಕಡಲ ಸೊಪ್ಪಿನ ಒಣಗಿದ ತುಂಡು ಇರುತ್ತದೆ, ಸಾರಿಗೆ ಸಮುದ್ರದ ಮೀನು, ಚಿಪ್ಪಿನ ರುಚಿ. ಅದಕ್ಕೆ ಐದು ನಿಮಿಷ ಬೇಕು. ಬುಲ್ಡಾಕ್ ಹೆಸರಿನ ಕಡುಖಾರದ ಪೊಟ್ಟಣ ಕೊಂಡು ತಂದು ಈ ಕ್ರಮದಲ್ಲಿ ಮಾಡಬೇಡಿ. ಅದು ಸಾರಿನದ್ದಲ್ಲ. ನೂಡಲ್ಸ್ ಬೇಯಿಸಿ, ನೀರು ಬಸಿದು, ಸಾಸಿನಲ್ಲಿ ಹುರಿಯುವಂಥದ್ದು.

ಸಸ್ಯಾಹಾರಿಗಳು ಹೆಸರನ್ನು ನೋಡದೆ ಚಿಹ್ನೆಯನ್ನು ನೋಡಬೇಕು. ಒಂದೇ ಹೆಸರಿನ ರಾಮ್ಯೋನ್ ಬೇರೆ ಬೇರೆ ದೇಶಕ್ಕೆ ಬೇರೆ ಬೇರೆ ಸಾಮಗ್ರಿಯಲ್ಲಿ ತಯಾರಾಗುತ್ತದೆ. ಕೊರಿಯಾದಲ್ಲಿ ಮಾರುವ ಶಿನ್ ರಾಮ್ಯೂನ್ ಪುಡಿಯಲ್ಲಿ ದನದ ಮಾಂಸದ ಸಾರ ಇರುತ್ತದೆ. ಆದ್ದರಿಂದ ಹಸಿರು ಚೌಕದೊಳಗೆ ಹಸಿರು ಚುಕ್ಕಿ ಇದೆಯೋ, ಕಂದು ಚೌಕದೊಳಗೆ ತ್ರಿಕೋನ ಇದೆಯೋ ನೋಡಿಯೇ ಕೊಳ್ಳಿ. ವಿದೇಶದಲ್ಲಿರುವವರು, ಅಲ್ಲಿಂದ ಯಾರಾದರೂ ತಂದುಕೊಟ್ಟ ಪೊಟ್ಟಣ ಬಳಸುವವರು ಸಾಮಗ್ರಿಗಳ ಪಟ್ಟಿಯನ್ನು ಪೂರ್ತಿ ಓದಿ.

ತಾರೀಖನ್ನೂ ನೋಡಿ. ಈ ನೂಡಲ್ಸನ್ನು ಕಾರ್ಖಾನೆಯಲ್ಲಿ ಹಬೆಯಲ್ಲಿ ಬೇಯಿಸಿ, ಆಮೇಲೆ ತಾಳೆ ಎಣ್ಣೆಯಲ್ಲಿ ಕರಿದಿರುತ್ತಾರೆ. ಕರಿಯುವಾಗ ನೀರು ಆವಿಯಾಗಿ ಹೋದ ಜಾಗದಲ್ಲೆಲ್ಲ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ನಾಲ್ಕು ನಿಮಿಷದಲ್ಲಿ ಬೇಯುವುದು ಆ ರಂಧ್ರಗಳಿಂದ. ಊದಿಕೊಳ್ಳುವುದೂ ಅವುಗಳಿಂದಲೇ. ಎಳೆಯಲ್ಲಿ ಎಣ್ಣೆ ಇರುವುದರಿಂದ ಬಿಸಿಲಿಗೆ ಬಿದ್ದ, ಹಳೆಯ ಪೊಟ್ಟಣ ಕಮಟು ಹಿಡಿಯುತ್ತದೆ. ಒಡೆದ ಕೂಡಲೇ ಮೂಸಿ ನೋಡಿ. ಹಳೇ ಎಣ್ಣೆಯ ವಾಸನೆ ಇದ್ದರೆ ಯಾವ ಒಗ್ಗರಣೆಯೂ ಅದನ್ನು ಮುಚ್ಚುವುದಿಲ್ಲ.

ಪಾತ್ರೆ

ಕೊರಿಯಾದಲ್ಲಿ ರಾಮ್ಯೋನಿಗೆಂದೇ ಹೆಸರಾದ ಪಾತ್ರೆ ಒಂದಿದೆ, ಯಾಂಗುನ್ ನೆಂಬಿ. ಎರಡು ಕಿವಿ, ಚಪ್ಪಟೆ ಮುಚ್ಚಳ, ತಗಡಿನಷ್ಟು ತೆಳುವಾದ ಅಲ್ಯೂಮಿನಿಯಂ, ಮೇಲೆ ಚಿನ್ನದ ಬಣ್ಣದ ಲೇಪ. ಇದು ಬರೀ ಅಂದಕ್ಕಲ್ಲ. ತೆಳು ಅಲ್ಯೂಮಿನಿಯಂ ಬೇಗ ಕಾಯುತ್ತದೆ. ನೂಡಲ್ಸ್ ಬಿದ್ದಾಗ ತಣಿದ ನೀರು ಕೆಲವೇ ಕ್ಷಣದಲ್ಲಿ ಮತ್ತೆ ಕುದಿಗೆ ಬರುತ್ತದೆ. ಒಲೆ ಆರಿಸಿದ ಮೇಲೆ ಪಾತ್ರೆಯೂ ಬೇಗ ಆರುವುದರಿಂದ ಎಳೆ ಅಲ್ಲಿಗೆ ನಿಲ್ಲುತ್ತದೆ. ದಪ್ಪ ತಳದ ಪಾತ್ರೆ ಇದಕ್ಕೆ ಉಲ್ಟಾ: ಕುದಿಗೆ ತಡ, ಆರಿಸಿದ ಮೇಲೂ ಒಳಗೊಳಗೇ ಬೇಯಿಸುತ್ತಿರುತ್ತದೆ.

ಅದೇ ಪಾತ್ರೆ ಬೇಕೆಂದೇನಿಲ್ಲ. ತೆಳುವಾದ ಸ್ಟೀಲ್ ಪಾತ್ರೆ ಸಾಕು. ಚಹಾ ಕಾಯಿಸುವ ತೆಳು ಅಲ್ಯೂಮಿನಿಯಂ ಪಾತ್ರೆಯೂ ಆದೀತು. ಆದರೆ ಕಿಮ್ಚಿ ಹಾಕುವ ದಿನ ಬೇಡ, ಹುಳಿ ಮತ್ತು ಉಪ್ಪು ಎರಡೂ ಬರಿ ಅಲ್ಯೂಮಿನಿಯಂ ಅನ್ನು ತಿನ್ನುತ್ತವೆ. ಹಳದಿ ಪಾತ್ರೆ ಕೊಂಡಿದ್ದರೂ ಒಳಗಿನ ಲೇಪ ಗೀರುಬಿದ್ದು ಬಿಳಿ ಲೋಹ ಕಾಣತೊಡಗಿದರೆ ಬದಲಾಯಿಸಿ. ಅಲ್ಯೂಮಿನಿಯಂ ಇಂಡಕ್ಷನ್ ಒಲೆಯ ಮೇಲೆ ಕಾಯುವುದಿಲ್ಲ ಎಂಬುದೂ ನೆನಪಿರಲಿ.

ಅಗಲ ಮುಖ್ಯ. ಒಂದು ಪೊಟ್ಟಣಕ್ಕೆ 16ರಿಂದ 18 ಸೆಂ.ಮೀ. ಬಾಯಿಯ ಪಾತ್ರೆ, ಎರಡಕ್ಕೆ 20ರಿಂದ 22. ಅಗಲ ಬಾಣಲೆಯಲ್ಲಿ ನೀರು ಬೇಗ ಆವಿಯಾಗಿ ಸಾರು ಉಪ್ಪಾಗುತ್ತದೆ, ಬಿಲ್ಲೆಯೂ ಪೂರ್ತಿ ಮುಳುಗುವುದಿಲ್ಲ.

ನೀರು

ಶಿನ್ ರಾಮ್ಯೂನಿಗೆ 550 ಮಿ.ಲೀ. ಅಳೆಯುವ ಲೋಟ ಮನೆಯಲ್ಲಿಲ್ಲವೇ? ಅರ್ಧ ಲೀಟರಿನ ನೀರಿನ ಬಾಟಲಿ ತುಂಬಾ ಒಂದು, ಮೇಲೆ ಮೂರು ದೊಡ್ಡ ಚಮಚ. ಅಷ್ಟೇ. ಒಂದು ಸಲ ಅಳೆದು ಹಾಕಿದಾಗ ನಿಮ್ಮ ಪಾತ್ರೆಯಲ್ಲಿ ನೀರು ಎಲ್ಲಿಗೆ ಬರುತ್ತದೆ ಎಂದು ನೋಡಿಟ್ಟುಕೊಂಡರೆ ಮುಂದಿನ ಸಲದಿಂದ ಅಳೆಯುವ ಕೆಲಸವಿಲ್ಲ.

ನೂರು ಮಿ.ಲೀ. ಹೆಚ್ಚಾದರೆ ಏನಾಗುತ್ತದೆ? ಪುಡಿಯ ಉಪ್ಪು, ಖಾರ, ಅಣಬೆ ಮತ್ತು ಮಾಂಸದ ಸಾರದ ಆಳ ಎಲ್ಲವೂ 550ಕ್ಕೆ ಲೆಕ್ಕ ಹಾಕಿದ್ದು. ನೀರು ಹೆಚ್ಚಾದಾಗ ಖಾರ ಮಾತ್ರ ನಾಲಿಗೆಗೆ ಉಳಿದು ಮಿಕ್ಕದ್ದು ಮಾಯವಾಗುತ್ತದೆ. ಆಗ ಉಪ್ಪು ಹಾಕಿ ಸರಿಮಾಡಲು ಹೋಗಬೇಡಿ, ಬರೀ ಉಪ್ಪುನೀರಾಗುತ್ತದೆ. ನೂಡಲ್ಸ್ ಹಾಕುವ ಮೊದಲೇ ತಪ್ಪು ಕಂಡರೆ ಸಾರನ್ನು ಜೋರಾಗಿ ಕುದಿಸಿ ಇಂಗಿಸಿ. ಹಾಕಿದ ಮೇಲೆ ಕಂಡರೆ ಒಂದು ಸೌಟು ಸಾರು ತೆಗೆದುಬಿಟ್ಟು ಅರ್ಧ ಚಮಚ ಸೋಯಾ ಸಾಸ್ ಸೇರಿಸಿ.

ಮೇಲೋಗರ ಬದಲಾದಂತೆ ನೀರೂ ಬದಲಾಗುತ್ತದೆ. ಎಲೆಕೋಸು, ಅಣಬೆ, ಕಾಳಿನ ಮೊಳಕೆ ಹಾಕುವುದಾದರೆ ಅವೇ ನೀರು ಬಿಡುತ್ತವೆ, 50 ಮಿ.ಲೀ. ಕಡಿಮೆ ಇಡಿ. ಚೀಸ್ ಹಾಕುವ ದಿನವೂ 50 ಕಡಿಮೆ. ತೊಕ್ ಎಂಬ, ಅಕ್ಕಿಹಿಟ್ಟಿನ ಕಡುಬಿನಂಥ ತುಂಡು ಹಾಕಿದರೆ 50 ಹೆಚ್ಚು, ಅವು ಕುಡಿಯುತ್ತವೆ, ಗಂಜಿಯನ್ನೂ ಬಿಡುತ್ತವೆ. ಎರಡು ಪೊಟ್ಟಣಕ್ಕೆ 1,100 ಮಿ.ಲೀ. ಇಟ್ಟರೆ ಹಾನ್ ನದಿಯೇ. ಆವಿಯಾಗುವುದು ಪಾತ್ರೆಯ ಬಾಯಿಯ ಅಗಲಕ್ಕೆ ತಕ್ಕ ಹಾಗೆ, ನೀರಿನ ಪ್ರಮಾಣಕ್ಕೆ ತಕ್ಕ ಹಾಗಲ್ಲ. ಪೊಟ್ಟಣ ಎರಡಾದರೂ ಆವಿ ಎರಡರಷ್ಟಾಗುವುದಿಲ್ಲ. 950ರಿಂದ 1,000 ಸಾಕು. ಮೂರಕ್ಕಿಂತ ಹೆಚ್ಚು ಪೊಟ್ಟಣ ಮನೆಯ ಒಲೆಯಲ್ಲಿ ಒಟ್ಟಿಗೆ ಬೇಡವೇ ಬೇಡ. ಅಷ್ಟು ತಣ್ಣನೆ ಬಿಲ್ಲೆ ಬಿದ್ದ ನೀರು ಮತ್ತೆ ಕುದಿಗೆ ಬರುವಷ್ಟರಲ್ಲಿ ಹೊರಗಿನ ಎಳೆಗಳು ಊದಿರುತ್ತವೆ.

ಹೊತ್ತು, ಮತ್ತು ನೀವಿರುವ ಎತ್ತರ

ಪೊಟ್ಟಣದ ಮೇಲೆ 4 ನಿಮಿಷ 30 ಸೆಕೆಂಡ್ ಎಂದಿರುತ್ತದೆ. ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ ಎಂಬ ಲೆಕ್ಕ ಅದು. ಮಂಗಳೂರಿನಲ್ಲಿ ಆ ಲೆಕ್ಕ ಸರಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿದುಬಿಡುತ್ತದೆ. ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಉರಿ ಎಷ್ಟು ಹೆಚ್ಚಿಸಿದರೂ ಅದರ ಮೇಲೆ ಏರುವುದಿಲ್ಲ. ಹಾಗಾಗಿ ಬೆಂಗಳೂರು, ಮೈಸೂರು ಕಡೆ 20 ಸೆಕೆಂಡ್, ಮಲೆನಾಡಿನ ಎತ್ತರದ ಊರುಗಳಲ್ಲಿ ಅರ್ಧ ನಿಮಿಷ ಸೇರಿಸಿಕೊಳ್ಳಿ. ‘ಪೊಟ್ಟಣದಲ್ಲಿ ಹೇಳಿದಷ್ಟೇ ಹೊತ್ತು ಇಟ್ಟೆ, ನಡುವೆ ಹಸಿ ಇತ್ತು’ ಎನ್ನುವವರ ತೊಂದರೆ ಎಷ್ಟೋ ಸಲ ಇಷ್ಟೇ.

ಕೊರಿಯನ್ನರು ಮೆಚ್ಚುವ ಹದಕ್ಕೆ ‘ಕೊದುಲ್ ಕೊದುಲ್’ ಎಂದು ಹೆಸರು. ಎಳೆ ಹಲ್ಲಿಗೆ ಸಿಕ್ಕಿ ಚಿಮ್ಮಬೇಕು, ಆದರೆ ನಡುವೆ ಹಿಟ್ಟಿನ ಬಿಳಿ ಚುಕ್ಕಿ ಇರಬಾರದು. ಒಂದು ಎಳೆ ತೆಗೆದು ಕಡಿದು, ಕಡಿದ ತುದಿ ನೋಡಿದರೆ ಗೊತ್ತಾಗುತ್ತದೆ.

ಒಲೆ ಹಚ್ಚುವ ಮೊದಲು

ನೂಡಲ್ಸ್ ನೀರಿಗೆ ಬಿದ್ದ ಮೇಲೆ ಕತ್ತರಿ ಹುಡುಕಲು ಹೊತ್ತಿಲ್ಲ. ಒಬ್ಬರಿಗೆ ಇಷ್ಟು ಎತ್ತಿಟ್ಟುಕೊಳ್ಳಿ: ಒಂದು ಪೊಟ್ಟಣ, 550 ಮಿ.ಲೀ. ನೀರು, ಒಂದು ಮೊಟ್ಟೆ, ಈರುಳ್ಳಿ ಸೊಪ್ಪಿನ ಎರಡು ಕಡ್ಡಿ, ಬೇಕಿದ್ದರೆ ಒಂದು ಎಸಳು ಜಜ್ಜಿದ ಬೆಳ್ಳುಳ್ಳಿ. ಸೊಪ್ಪಿನ ಬಿಳಿಯ ಭಾಗವನ್ನು ಒಂದು ಸೆಂ.ಮೀ. ಉದ್ದಕ್ಕೂ ಹಸಿರನ್ನು ಸಣ್ಣಗೂ ಹೆಚ್ಚಿ ಬೇರೆ ಬೇರೆ ಇಡಿ. ಮೊಟ್ಟೆಯನ್ನು ಫ್ರಿಜ್ಜಿನಿಂದ ಮೊದಲೇ ಹೊರಗಿಟ್ಟಿದ್ದು, ಬಟ್ಟಲಿಗೆ ಒಡೆದುಕೊಳ್ಳಿ. ಒಳಗಿರುವ ಸಾರಿನ ಪುಡಿ, ಒಣತರಕಾರಿ ಚೂರು ಎರಡೂ ಸಣ್ಣ ಪೊಟ್ಟಣಗಳ ಬಾಯಿ ಕತ್ತರಿಸಿಡಿ. ಕೈ ಒರೆಸಿಕೊಂಡು ಕತ್ತರಿಸಿ, ಹಬೆಯ ಮೇಲೆ ಹಿಡಿದು ಹರಿದರೆ ಪುಡಿ ಒಳಗೇ ಗಂಟುಕಟ್ಟುತ್ತದೆ. ಬಟ್ಟಲು, ಚಮಚ, ನೆಂಚಿಕೊಳ್ಳುವ ಕಿಮ್ಚಿ ಮೇಜಿನ ಮೇಲೆ ಬಂದಿರಲಿ. ತಿನ್ನುವವರೂ ಬಂದು ಕೂತಿರಲಿ. ರಾಮ್ಯೋನಿಗಾಗಿ ಜನ ಕಾಯಬಹುದು, ಜನರಿಗಾಗಿ ರಾಮ್ಯೋನ್ ಕಾಯುವುದಿಲ್ಲ.

ಮಾಡುವ ಕ್ರಮ

1. ತಣ್ಣೀರಿಗೇ ಒಣತರಕಾರಿ ಚೂರಿನ ಪೊಟ್ಟಣವನ್ನೂ ಸಾರಿನ ಪುಡಿಯನ್ನೂ ಹಾಕಿ ದೊಡ್ಡ ಉರಿಗೆ ಇಡಿ. ಪುಡಿ ಮೊದಲೋ ನೂಡಲ್ಸ್ ಮೊದಲೋ ಎಂಬ ಜಗಳ ಕೊರಿಯಾದಲ್ಲಿ ಮುಗಿದಿಲ್ಲ. ಪುಡಿ ಮೊದಲು ಹಾಕಿದರೆ ನೀರು ಹೆಚ್ಚು ಬಿಸಿಯಲ್ಲಿ ಕುದಿಯುತ್ತದೆ, ಅದರಿಂದ ಎಳೆ ಗಟ್ಟಿಯಾಗುತ್ತದೆ ಎಂಬ ಮಾತಿದೆ. ಅಷ್ಟು ಉಪ್ಪಿನಿಂದ ಏರುವುದು ಒಂದು ಡಿಗ್ರಿಯ ಕಾಲುಭಾಗಕ್ಕಿಂತ ಕಡಿಮೆ, ಎಳೆಗೆ ಅದು ಗೊತ್ತೂ ಆಗುವುದಿಲ್ಲ. ಆದರೂ ಪುಡಿ ಮೊದಲು ಹಾಕುವುದೇ ಒಳ್ಳೆಯದು, ಕಾರಣ ಬೇರೆ. ಒಣಗಿದ ಅಣಬೆ, ಕ್ಯಾರೆಟ್ ಚೂರು ಮೆತ್ತಗಾಗಲು ಹೊತ್ತು ಸಿಗುತ್ತದೆ, ಮತ್ತು ಎಳೆ ಮೊದಲ ಗುಟುಕಿಗೇ ಸಾರು ಕುಡಿಯುತ್ತದೆ. ಜೋರಾಗಿ ಕುದಿಯುವ ನೀರಿಗೆ ಪುಡಿ ಸುರಿಯುವುದು ಅಪಾಯ. ಪುಡಿಯ ಒಂದೊಂದು ಕಣದ ಸುತ್ತ ಗುಳ್ಳೆ ಎದ್ದು ಕೆಂಪು ನೊರೆ ಒಮ್ಮೆಗೇ ಉಕ್ಕಿ ಕೈಮೇಲೆ ಬರುತ್ತದೆ. ಮರೆತಿದ್ದರೆ ಉರಿ ತಗ್ಗಿಸಿ, ಕುದಿ ಅಡಗಿದ ಮೇಲೆ ಹಾಕಿ.

2. ಸಾರು ಕೊತಕೊತ ಕುದಿಯಲಿ. ಅಂಚಿನಲ್ಲಿ ಸಣ್ಣ ಗುಳ್ಳೆ ಬಂದರೆ ಸಾಲದು, ನಡುವೆ ಉಕ್ಕಬೇಕು. ಈರುಳ್ಳಿ ಸೊಪ್ಪಿನ ಬಿಳಿ ಭಾಗ, ಬೆಳ್ಳುಳ್ಳಿ ಹಾಕಿ.

3. ಬಿಲ್ಲೆಯನ್ನು ಮುರಿಯದೆ ಹಾಗೇ ಬಿಡಿ. ಗಡಿಯಾರ ಈಗ ಶುರು. ಮುರಿದರೆ ಪಾತ್ರೆಯಲ್ಲಿ ಹಿಡಿಸುವುದು ಸುಲಭ, ನಿಜ. ಆದರೆ ಎತ್ತಿ ಊದಿ ಸೊರ್ ಎಂದು ಎಳೆದುಕೊಳ್ಳುವ ಉದ್ದ ಹೋಗುತ್ತದೆ, ಮುಂದಿನ ಹಂತವೂ ಆಗುವುದಿಲ್ಲ. ಮೊದಲ ಒಂದು ನಿಮಿಷ ಕೈ ಹಾಕಬೇಡಿ. ಆಮೇಲೆ ಬಿಲ್ಲೆಯನ್ನು ಮಗುಚಿ.

4. ಒಂದೂವರೆ ನಿಮಿಷದ ಹೊತ್ತಿಗೆ ಬಿಲ್ಲೆಯ ಅಂಚು ತಾನೇ ಸಡಿಲವಾಗುತ್ತದೆ. ಚಾಪ್‌ಸ್ಟಿಕ್ ಅಥವಾ ಫೋರ್ಕನ್ನು ನಡುವಿಗೆ ಚುಚ್ಚಿ ಬಿಡಿಸಿ. ಅದಕ್ಕೂ ಮೊದಲು ಬಲವಂತ ಮಾಡಿದರೆ ಎಳೆ ತುಂಡಾಗುತ್ತದೆ. ಬಿಡಿಸಿದ ಮೇಲೆ ಇಡೀ ಕಂತೆಯನ್ನು ಸಾರಿನಿಂದ ಒಂದು ಗೇಣು ಮೇಲೆತ್ತಿ, ಮೂರು ಎಣಿಸಿ, ಮತ್ತೆ ಮುಳುಗಿಸಿ. ಎರಡು ಮೂರು ಸಲ ಹೀಗೆ ಮಾಡಿ. ಮೇಲೆತ್ತಿದಾಗ ಎಳೆಯ ಹೊರಮೈ ಕ್ಷಣಕಾಲ ಆರುತ್ತದೆ, ಒಳಗೆ ಬೇಯುತ್ತಿರುತ್ತದೆ, ಒಂದಕ್ಕೊಂದು ಅಂಟಿದ್ದ ಎಳೆಗಳೂ ಬೇರೆಯಾಗುತ್ತವೆ. ಬಿಡಿಬಿಡಿಯಾಗಿ ಹೊಳೆಯುತ್ತಾ ನೇತಾಡುತ್ತಿದ್ದರೆ ಸರಿಯಾಗಿ ಹೋಗುತ್ತಿದೆ ಎಂದರ್ಥ. ಹಗ್ಗದ ಹಾಗೆ ಒಂದೇ ಗಂಟಾಗಿ ಬಂದರೆ ಇನ್ನೊಮ್ಮೆ ಬಿಡಿಸಿ.

5. ಮೊಟ್ಟೆ. ಇಲ್ಲಿ ದಾರಿ ಎರಡು, ಯಾವುದೆಂದು ಮೊದಲೇ ತೀರ್ಮಾನ ಮಾಡಿಕೊಂಡಿರಿ.

ಇಡಿಯಾಗಿ ಬೇಕಾದರೆ ಎರಡೂವರೆ ನಿಮಿಷಕ್ಕೆ ಎಳೆಗಳನ್ನು ಬದಿಗೆ ಸರಿಸಿ ಒಂದು ಗುಂಡಿ ಮಾಡಿ, ಬಟ್ಟಲನ್ನು ಸಾರಿನ ಮಟ್ಟಕ್ಕೆ ತಂದು ಮೊಟ್ಟೆಯನ್ನು ಜಾರಿಸಿ. ಮೇಲಿನಿಂದ ಬೀಳಿಸಬೇಡಿ. ನಾಲ್ಕಾರು ಎಳೆ ಅದರ ಮೇಲೆ ಹೊದಿಸಿ, ಉರಿ ಸ್ವಲ್ಪ ತಗ್ಗಿಸಿ, ಮುಚ್ಚಳವನ್ನು ಒಂದು ಬೆರಳು ಸಂದು ಬಿಟ್ಟು ಮುಚ್ಚಿ. ಪೂರ್ತಿ ಮುಚ್ಚಿದರೆ ಉಕ್ಕುತ್ತದೆ. ಎರಡು ನಿಮಿಷಕ್ಕೆ ಬಿಳಿ ಗಟ್ಟಿಯಾಗಿ ಹಳದಿ ಜೇನಿನ ಹಾಗಿರುತ್ತದೆ. ಸಾರು ತಿಳಿಯಾಗಿಯೇ ಇರುತ್ತದೆ. ಮಕ್ಕಳಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ಮಾಡುವಾಗ ಇನ್ನೂ ಮೊದಲೇ ಹಾಕಿ, ಹಳದಿಯೂ ಗಟ್ಟಿಯಾಗುವ ತನಕ ಬೇಯಿಸಿ.

ಎಳೆಎಳೆಯಾಗಿ ಬೇಕಾದರೆ ಮೊಟ್ಟೆಯನ್ನು ಎರಡೇ ಸಲ ಕಲಕಿ. ಬಿಳಿ, ಹಳದಿ ಪೂರ್ತಿ ಬೆರೆಯಬಾರದು. ಕೊನೆಯ 40 ಸೆಕೆಂಡ್ ಉಳಿದಿರುವಾಗ, ಸಾರು ಜೋರಾಗಿ ಕುದಿಯುತ್ತಿರುವ ಅಂಚಿನುದ್ದಕ್ಕೂ ತೆಳುಧಾರೆಯಾಗಿ ಸುತ್ತ ಸುರಿಯಿರಿ. ಹತ್ತು ಎಣಿಸುವ ತನಕ ಮುಟ್ಟಬೇಡಿ. ಕೆಂಪು ಸಾರಿನ ಮೇಲೆ ಮಲ್ಲಿನ ಬಟ್ಟೆ ಹಾಸಿದ ಹಾಗೆ ಪದರ ಕಟ್ಟುತ್ತದೆ. ಆಗ ಒಂದೇ ಸಲ ಮೆಲ್ಲಗೆ ಎಳೆಯಿರಿ. ಸುರಿದ ಕೂಡಲೇ ಗಿರಗಿರ ತಿರುಗಿಸಿದರೆ ಮೊಟ್ಟೆ ಸಾರಿನಲ್ಲಿ ಕರಗಿ ಮಸುಕಾಗುತ್ತದೆ, ಖಾರವೂ ಮಂಕಾಗುತ್ತದೆ. ಖಾರ ತಾಳದವರಿಗೆ ಬೇಕೆಂದೇ ಹೀಗೆ ಮಾಡಿಕೊಡುವುದುಂಟು.

6. ನಾಲ್ಕು ನಿಮಿಷಕ್ಕೆ, ಎತ್ತರದ ಊರಾದರೆ ನಾಲ್ಕೂ ಕಾಲಿಗೆ, ಒಂದು ಎಳೆ ಕಡಿದು ನೋಡಿ. ಹದಕ್ಕಿಂತ ಕೂದಲೆಳೆಯಷ್ಟು ಗಟ್ಟಿ ಇದ್ದರೆ ಆರಿಸಿಬಿಡಿ. ಮೇಜಿಗೆ ಒಯ್ದು ಮೊದಲ ತುತ್ತು ಎತ್ತುವಷ್ಟರಲ್ಲಿ ಉಳಿದದ್ದು ಬೆಂದಿರುತ್ತದೆ. ಸೊಪ್ಪಿನ ಹಸಿರನ್ನು ಮೇಲೆ ಉದುರಿಸಿ.

7. ಬಟ್ಟಲಿಗೆ ಹಾಕುವುದಾದರೆ ಮೊದಲು ಎಳೆ, ಮೇಲೆ ಸಾರು, ಕೊನೆಗೆ ಮೊಟ್ಟೆ. ಒಬ್ಬರೇ ಇದ್ದರೆ ಪಾತ್ರೆಯಲ್ಲೇ ತಿನ್ನುವುದು ಕೊರಿಯಾದ ಪದ್ಧತಿ. ಮುಚ್ಚಳವನ್ನು ಅಂಗಾತ ಹಿಡಿದು ಅದರ ಮೇಲೆ ಒಂದಿಷ್ಟು ಎಳೆ ಹಾಕಿಕೊಂಡು ಆರಿಸಿ ತಿನ್ನುತ್ತಾರೆ. ಪಾತ್ರೆಯ ಅಡಿಗೆ ಮಣೆಯನ್ನೋ ದಪ್ಪ ಬಟ್ಟೆಯನ್ನೋ ಇಡುವುದು ಮರೆಯಬೇಡಿ.

ಬ್ಯಾಡಗಿ ಮೆಣಸಿನ ಎಣ್ಣೆ

ಇದೊಂದನ್ನು ಕಲಿತರೆ ಪೊಟ್ಟಣದ ರಾಮ್ಯೋನ್ ಅಂಗಡಿಯ ರಾಮ್ಯೋನ್ ಆಗುತ್ತದೆ. ಕೊರಿಯಾದಲ್ಲಿ ಈರುಳ್ಳಿ ಸೊಪ್ಪನ್ನು ಎಣ್ಣೆಯಲ್ಲಿ ಬಾಡಿಸಿ, ಗೊಚುಗಾರು ಎಂಬ ತರಿಯಾದ ಮೆಣಸಿನ ಪುಡಿ ಹಾಕಿ, ಅದರ ಮೇಲೆ ನೀರು ಹೊಯ್ಯುತ್ತಾರೆ. ಗೊಚುಗಾರುವಿನ ಗುಣ ಬಣ್ಣ ಹೆಚ್ಚು, ಖಾರ ಕಡಿಮೆ, ತುಸು ಸಿಹಿ. ಈ ಮಾತು ಕೇಳಿದ ಕನ್ನಡಿಗರಿಗೆ ಹಾವೇರಿ ಜಿಲ್ಲೆಯ ಬ್ಯಾಡಗಿ ನೆನಪಾಗಲೇಬೇಕು. ನೆರಿಗೆ ಬಿದ್ದ ಬ್ಯಾಡಗಿ ಮೆಣಸಿನಕಾಯಿಯ ಬೀಜ ಕೊಡವಿ, ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಮಿಕ್ಸಿಯಲ್ಲಿ ಎರಡೇ ಸುತ್ತು ತಿರುವಿ ತರಿ ಮಾಡಿಕೊಳ್ಳಿ. ನುಣ್ಣಗಿನ ಪುಡಿ ಬೇಡ, ಬೇಗ ಸೀಯುತ್ತದೆ. ಗುಂಟೂರು ಮೆಣಸಿನಕಾಯಿಯೂ ಬೇಡ, ಪೊಟ್ಟಣದಲ್ಲೇ ಸಾಕಷ್ಟು ಖಾರವಿದೆ.

ಪಾತ್ರೆಗೆ ಒಂದು ದೊಡ್ಡ ಚಮಚ ಸೂರ್ಯಕಾಂತಿ ಎಣ್ಣೆ, ತಣ್ಣಗಿರುವಾಗಲೇ ಸೊಪ್ಪಿನ ಬಿಳಿ ಭಾಗ. ಸಣ್ಣ ಉರಿಯಲ್ಲಿ ಎರಡು ನಿಮಿಷ, ಅಂಚು ಹೊಂಬಣ್ಣಕ್ಕೆ ತಿರುಗುವ ತನಕ. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ತಮ್ಮದೇ ವಾಸನೆ ಮುಂದೆ ಮಾಡುತ್ತವೆ, ಇಲ್ಲಿಗೆ ಹೊಂದುವುದಿಲ್ಲ. ಈಗ ಒಲೆ ಆರಿಸಿ. ಆರಿಸಿದ ಮೇಲೆಯೇ ಒಂದು ಸಣ್ಣ ಚಮಚ ಮೆಣಸಿನ ತರಿ ಹಾಕಿ ಹತ್ತು ಎಣಿಸಿ. ಎಣ್ಣೆ ಕುಂಕುಮದ ಬಣ್ಣಕ್ಕೆ ಬರುತ್ತದೆ. ಕಂದಾಗತೊಡಗಿದರೆ ತಡವಾಯಿತು, ಸೀದ ಕಹಿ ಸಾರಿಗೆಲ್ಲ ಹತ್ತುತ್ತದೆ. ಹಾಗಾದರೆ ಚೆಲ್ಲಿ ಮತ್ತೆ ಶುರುಮಾಡಿ. ಸರಿ ಇದ್ದರೆ 550 ಮಿ.ಲೀ. ನೀರನ್ನು ಪಾತ್ರೆಯ ಅಂಚಿನ ಮೇಲಿಂದ ಮೆಲ್ಲಗೆ ಇಳಿಸಿ, ಚಟಪಟ ಸಿಡಿಯುತ್ತದೆ, ಮುಖ ದೂರವಿಡಿ. ಮತ್ತೆ ಒಲೆ ಹಚ್ಚಿ ಮೊದಲ ಹಂತದಿಂದ ಮುಂದುವರಿಯಿರಿ.

ಇನ್ನು ಉಳಿದ ಮೇಲೋಗರ

ಕಿಮ್ಚಿಯನ್ನು ಸಾರಿಗೆ ಹಾಕುವುದಾದರೆ ಹುಳಿ ಬಂದ ಹಳೆಯದೇ ಆಗಬೇಕು. ಹೊಸ ಕಿಮ್ಚಿ ಹಸಿ ಎಲೆಕೋಸಿನ ಹಾಗಿರುತ್ತದೆ. ಅರ್ಧ ಬಟ್ಟಲು ಕಿಮ್ಚಿಯನ್ನು ಒಂದು ಚಮಚ ಎಣ್ಣೆಯಲ್ಲಿ ಎರಡು ಮೂರು ನಿಮಿಷ ಬಾಡಿಸಿ ನೀರು ಹೊಯ್ಯಿರಿ. ಕಿಮ್ಚಿಯಲ್ಲೇ ಉಪ್ಪಿರುವುದರಿಂದ ಸಾರಿನ ಪುಡಿ ಮುಕ್ಕಾಲು ಸಾಕು. ಸಾಂಪ್ರದಾಯಿಕ ಕಿಮ್ಚಿಯಲ್ಲಿ ಮೀನಿನ ಸಾಸ್ ಅಥವಾ ಉಪ್ಪುಹಾಕಿದ ಸಿಗಡಿ ಇರುತ್ತದೆ, ಸಸ್ಯಾಹಾರಿಗಳು ನೋಡಿಕೊಳ್ಳಬೇಕು.

ನೆಂಚಿಕೊಳ್ಳಲು ಕಿಮ್ಚಿ ಸಿಗದ ಊರಿನಲ್ಲಿ ಮೂಲಂಗಿ ಮಾಡಿಕೊಳ್ಳಿ. ಕೊರಿಯಾದಲ್ಲಿ ಹಳದಿ ಬಣ್ಣದ ಮೂಲಂಗಿ ಉಪ್ಪಿನಕಾಯಿಯನ್ನೂ ರಾಮ್ಯೋನಿನ ಜೊತೆ ಕೊಡುತ್ತಾರೆ, ಅದರ ಹೆಸರು ದಾನ್ಮುಜಿ. 200 ಗ್ರಾಂ ಎಳೆ ಮೂಲಂಗಿಯನ್ನು ತೆಳುಬಿಲ್ಲೆ ಹೆಚ್ಚಿ ಅರ್ಧ ಚಮಚ ಉಪ್ಪು ಸವರಿ ಇಪ್ಪತ್ತು ನಿಮಿಷ ಬಿಟ್ಟು ಹಿಂಡಿ. ಎರಡು ದೊಡ್ಡ ಚಮಚ ವಿನೆಗರ್, ಒಂದೂವರೆ ಚಮಚ ಸಕ್ಕರೆ, ಚಿಟಿಕೆ ಅರಿಶಿನ ಕಲಸಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಸಾರಿನ ಖಾರ, ಎಣ್ಣೆಯ ಮಧ್ಯೆ ಬಾಯಿ ತೊಳೆದ ಹಾಗಾಗುತ್ತದೆ.

ಚೀಸ್ ಆದರೆ ಸ್ಲೈಸೇ ಬೇಕು. ಒಲೆ ಆರಿಸಿದ ಮೇಲೆ ಎಳೆಗಳ ಮೇಲೆ ಹಾಸಿ ಬಿಡಿ, ತಿರುಗಿಸಬೇಡಿ. ತುರಿದ ಮೊಝರೆಲ್ಲಾ ದಾರವಾಗಿ ಚಮಚಕ್ಕೆ ಸುತ್ತಿಕೊಳ್ಳುತ್ತದೆ, ಸಾರಿಗೆ ಇಳಿಯುವುದಿಲ್ಲ. ಹಾಲು ಹಾಕಿ ಖಾರ ತಗ್ಗಿಸುವವರು ನೀರಿನಲ್ಲಿ 150 ಮಿ.ಲೀ. ಕಡಿಮೆ ಮಾಡಿ ಅಷ್ಟೇ ಹಾಲನ್ನು ಕೊನೆಯ ನಿಮಿಷಕ್ಕೆ ಸಣ್ಣ ಉರಿಯಲ್ಲಿ ಸೇರಿಸಲಿ. ಕಿಮ್ಚಿ ಹಾಕಿದ ಸಾರಿಗೆ ಹಾಲು ಹಾಕಿದರೆ ಒಡೆಯುತ್ತದೆ.

ತೊಕ್ ಎಂಬ ಅಕ್ಕಿಯ ತುಂಡುಗಳನ್ನು ಇಪ್ಪತ್ತು ನಿಮಿಷ ನೆನೆಸಿ, ನೀರು ತಣ್ಣಗಿರುವಾಗಲೇ ಹಾಕಿ. ನೂಡಲ್ಸಿನ ಜೊತೆ ಹಾಕಿದರೆ ಎಳೆ ಊದುವ ಹೊತ್ತಿಗೂ ಅವು ಗಟ್ಟಿಯಾಗಿಯೇ ಇರುತ್ತವೆ.

ಉಪ್ಪಿನ ವಿಚಾರ

ಒಂದು ಶಿನ್ ರಾಮ್ಯೂನ್ ಪೊಟ್ಟಣದಲ್ಲಿ 1,700 ಮಿ.ಗ್ರಾಂ ಮೀರಿ ಸೋಡಿಯಂ ಇದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಇಡೀ ದಿನಕ್ಕೆ ಹೇಳುವ ಮಿತಿ 2,000. ರಕ್ತದೊತ್ತಡ ಇರುವವರು ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಬಹುಪಾಲು ಉಪ್ಪು ಸಾರಿನ ಪುಡಿಯಲ್ಲಿರುತ್ತದೆ, ಎಳೆಯಲ್ಲೂ ಒಂದಿಷ್ಟಿರುತ್ತದೆ. ನೀರು ಹೆಚ್ಚಿಸಿದರೆ ಉಪ್ಪು ಕಡಿಮೆಯಾಯಿತು ಎಂದುಕೊಳ್ಳುವುದು ತಪ್ಪು. ಸಾರು ಪೂರ್ತಿ ಕುಡಿದರೆ ಹೊಟ್ಟೆಗೆ ಹೋಗುವುದು ಅಷ್ಟೇ ಉಪ್ಪು. ಪುಡಿ ಮುಕ್ಕಾಲು, ನೀರು 450 ಮಿ.ಲೀ. ಇಡಿ. ಸಾರು ನಾಲಿಗೆಗೆ ಹೆಚ್ಚುಕಡಿಮೆ ಅದೇ ರುಚಿ ಕೊಡುತ್ತದೆ. ಪಾತ್ರೆ ಮಾತ್ರ ಕಿರಿದಾಗಿರಬೇಕು, ಇಲ್ಲದಿದ್ದರೆ ಬಿಲ್ಲೆ ಮುಳುಗುವುದಿಲ್ಲ. ಮಿಕ್ಕ ಪುಡಿಯನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಹುರಿದ ಆಲೂಗಡ್ಡೆಗೋ ಚಿತ್ರಾನ್ನದ ಮೇಲಕ್ಕೋ ಚಿಟಿಕೆ ಬಳಸಬಹುದು. ಇನ್ನೂ ತಗ್ಗಿಸಬೇಕಾದವರು ಸಾರನ್ನು ಬಟ್ಟಲಿನಲ್ಲೇ ಬಿಟ್ಟೇಳಲಿ.

ಕೊನೆಗೆ ಅನ್ನ

ಎಳೆ ಮುಗಿದು ಸಾರು ಉಳಿದಾಗ ಅದಕ್ಕೆ ಅನ್ನ ಹಾಕಿಕೊಳ್ಳುವುದು ಕೊರಿಯಾದಲ್ಲಿ ಊಟದ ಎರಡನೆಯ ಭಾಗ. ಬಿಸಿ ಅನ್ನವಲ್ಲ, ತಂಗಳನ್ನವೇ ಬೇಕು. ಬಿಸಿ ಅನ್ನದ ಅಗುಳು ಆಗಲೇ ನೀರು ತುಂಬಿ ಮೆತ್ತಗಿರುತ್ತದೆ, ಸಾರಿಗೆ ಬಿದ್ದರೆ ಗಂಜಿ ಬಿಟ್ಟು ಅಂಬಲಿಯಾಗುತ್ತದೆ. ಆರಿದ ಅಗುಳು ಗಟ್ಟಿಯಾಗಿರುವುದರಿಂದ ಬಿಡಿಬಿಡಿಯಾಗಿಯೇ ಉಳಿದು ಸಾರು ಹೀರುತ್ತದೆ. ಹಿಂದಿನ ದಿನದ ಅನ್ನವಾದರೆ ಫ್ರಿಜ್ಜಿನಲ್ಲಿ ಇಟ್ಟದ್ದನ್ನೇ ಬಳಸಿ, ಹೊರಗೆ ರಾತ್ರಿಯೆಲ್ಲ ಇದ್ದದ್ದು ಬೇಡ. ಕೊರಿಯಾದ ಗಿಡ್ಡಕ್ಕಿಯಷ್ಟು ಅಂಟು ಸೋನಾ ಮಸೂರಿಗೆ ಇಲ್ಲ, ಆದರೂ ಚೆನ್ನಾಗಿ ಹೊಂದುತ್ತದೆ. ಕುಚ್ಚಲಕ್ಕಿ ಅನ್ನ ಸಾರನ್ನು ಅಷ್ಟು ಹೀರುವುದಿಲ್ಲ, ಅದಕ್ಕೆ ಸ್ವಲ್ಪ ಹೊತ್ತು ಕೊಡಿ.

ಸಾರು ಇನ್ನೂ ಬಿಸಿ ಇರುವಾಗಲೇ ಒಂದು ಹಿಡಿ ಅನ್ನ ಹಾಕಿ, ಚಮಚದ ಬೆನ್ನಿನಿಂದ ಗಂಟು ಬಿಡಿಸಿ, ಒಂದು ನಿಮಿಷ ಬಿಡಿ. ಮತ್ತೆ ಒಲೆಗೆ ಇಡಬೇಡಿ, ಸಾರು ಇಂಗಿ ಉಪ್ಪಾಗುತ್ತದೆ. ಕಿಮ್ಚಿಯ ಕೊನೆಯ ಎರಡು ಚೂರನ್ನು ಈ ಅನ್ನಕ್ಕೆಂದೇ ಉಳಿಸಿಕೊಂಡಿರಿ.